ಮಗ್ಗದ ಬೀದಿಯ ಕೈಮಾತು

ಆಗಿನ್ನೂ ತೊಂಬತ್ತರ ದಶಕ. ಸೇಲಂ ಹತ್ತಿರದ ತಾರಮಂಗಲದ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಲಾಳಿಯ ಸದ್ದಿನಿಂದ. ಮನೆಮನೆಯಲ್ಲೂ ಮಗ್ಗ, ಬೀದಿ ತುಂಬ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ. ಆ ಗದ್ದಲದಲ್ಲಿ ಕೂಗಿದರೆ ಗಂಟಲು ನೋಯುತ್ತಿತ್ತೇ ಹೊರತು ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ದೊಡ್ಡವರು ಚಿಕ್ಕವರು ಎಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು. ಎಳೆ ಹರಿಯಿತು, ನೀರು ಕೊಡು, ಊಟಕ್ಕೆ ಏಳು, ಎಲ್ಲಕ್ಕೂ ಸನ್ನೆಯಿತ್ತು. ಚಿಕ್ಕಪ್ಪನ ಮಗಳು ಪಾರುವಿಗೆ ಹುಟ್ಟಿನಿಂದ ಕಿವಿ ಕೇಳಿಸದೆಂಬುದು ನಮಗೆ ನೆನಪೇ ಇರುತ್ತಿರಲಿಲ್ಲ. ಅವಳನ್ನು ತಂದು ನನ್ನ ಜೊತೆ ಮೂರನೇ ಕ್ಲಾಸಿನಲ್ಲಿ ಕೂರಿಸಿದಾಗಲೇ ನೆನಪಾದದ್ದು.

ಹೆಡ್‌ಮಾಸ್ಟರ್ ಒಪ್ಪಲಿಲ್ಲ. ಇಂಥ ಮಕ್ಕಳನ್ನು ಸೇಲಂ ಹಾಸ್ಟೆಲಿಗೆ ಕಳಿಸಬೇಕು, ಇಲ್ಲಿದ್ದರೆ ಉಳಿದವರ ಪಾಠವೂ ಕೆಡುತ್ತದೆ ಎಂದರು. ನಮ್ಮ ಟೀಚರಿಗೂ ಅದೇ ಸರಿಯೆನಿಸಿತು. ಅವರು ಮೇಚೇರಿ ಕಡೆಯವರು, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರೇ. ಚಿಕ್ಕಮ್ಮನಿಗೆ ತಿಳಿಸಲು ಒಂದು ಸಂಜೆ ಮನೆಗೇ ಬಂದರು. ಪಾರು ಹೋದರೆ ಎರಡು ತಟ್ಟುವಡೆಯ ನಡುವೆ ತರಕಾರಿ, ಚಟ್ನಿ ಇಟ್ಟ ಸೆಟ್ಟನ್ನು ಯಾರ ಜೊತೆ ಹಂಚಿಕೊಂಡು ತಿನ್ನಲಿ?

ಟೀಚರ್ ಬಾಯಿ ತೆರೆದರು. ಮಗ್ಗದ ಸದ್ದಿಗೆ ಒಂದಕ್ಷರವೂ ಕೇಳಲಿಲ್ಲ. ಚಿಕ್ಕಮ್ಮ ಮಗ್ಗದ ಕುಣಿಯಲ್ಲಿ ಕೂತೇ ಪಾರುವಿನತ್ತ ಕೈಯಾಡಿಸಿದಳು. ಪಾರು ಓಡಿ ಮಜ್ಜಿಗೆ ತಂದು, ಉಪ್ಪು ಬೇಕೇ ಎಂದು ಬೆರಳು ಉಜ್ಜಿ ಟೀಚರನ್ನೇ ಕೇಳಿದಳು. ಅವರು ತಮಗರಿವಿಲ್ಲದೆ ಬೆರಳ ತುದಿ ತೋರಿಸಿ, ಚೂರು ಸಾಕು ಎಂದರು. ಆಮೇಲೆ ತಮ್ಮ ಕೈಯನ್ನೇ ನೋಡುತ್ತ ಕೂತರು.

ಚಿಕ್ಕಮ್ಮ ಮಗ್ಗ ನಿಲ್ಲಿಸಿದಳು. "ಏನೋ ಯೋಳಕ್ಕೆ ಬಂದ್ರಲ್ಲಾ ಟೀಚರ್?"

"ಏನಿಲ್ಲಕ್ಕಾ. ನಾಳೆಯಿಂದ ಇವ್ಳನ್ನ ಮುಂದ್ಗಡೆ ಕೂರಿಸ್ತೀನಿ, ಅಷ್ಟೇ."

ಟೀಚರ್ ಸುಳ್ಳು ಹೇಳಿದರು. ಅವರ ಮೇಲೆ ಅಷ್ಟೊಂದು ಪ್ರೀತಿ ಉಕ್ಕಿದ್ದು ನನಗೆ ಅವತ್ತೇ.

ಮರುದಿನ ಬೆಂಚುಗಳೆಲ್ಲ ಗೋಡೆಗೆ ಸರಿದವು. ಎಲ್ಲರ ಮುಖವೂ ಪಾರುವಿಗೆ ಕಾಣುವಂತೆ ನಾವು ಸುತ್ತ ಕೂತೆವು. ಮಗ್ಗಿಯೂ ಪಾಠವೂ ಕೈಯಲ್ಲಿ ಆಡಿದವು. "ಇದೆನ್ನ, ವಗುಪ್ಪಾ ಕೂತ್ತಾ?" ಇದೇನು ಕ್ಲಾಸೋ ಬಯಲಾಟವೋ ಎಂದು ತಮಿಳಿನಲ್ಲಿ ಹೆಡ್‌ಮಾಸ್ಟರ್ ಗದರಿದರು. ಟೀಚರ್ ಜಗ್ಗಲಿಲ್ಲ. ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಅದೇ ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತು, ಪಾರುವನ್ನು ನೋಡಿ, ಹೆಬ್ಬೆರಳನ್ನು ಬಾಯಿಗೆ ತೋರಿಸಿ ನೀರು ಕೇಳಿದರು. ಹಾಸ್ಟೆಲಿನ ಮಾತು ಅಲ್ಲಿಗೆ ಮುಗಿಯಿತು.

ಈಗ ಬೀದಿಯಲ್ಲಿ ಮಗ್ಗಗಳಿಲ್ಲ. ಪಿಸುಮಾತೂ ಪಕ್ಕದ ಮನೆಗೆ ಕೇಳುತ್ತದೆ. ಹಬ್ಬಕ್ಕೆ ಪಾರು ಬಂದರೆ ನಾವಿಬ್ಬರೂ ಜಗಲಿಯಲ್ಲಿ ಕೂತು ಕೈ ಸೋಲುವಷ್ಟು ಹರಟುತ್ತೇವೆ. ಬೀದಿಯ ಮಕ್ಕಳು ಆಟ ನಿಲ್ಲಿಸಿ ಬಂದು, "ಈ ಅತ್ತೆಗೆ ಕಿವಿ ಕೇಳ್ಸಲ್ವಾ?" ಎಂದು ನನ್ನನ್ನು ಕೇಳುತ್ತಾರೆ. ಮಗ್ಗದ ಸದ್ದಿದ್ದ ಕಾಲದಲ್ಲಿ ನಮ್ಮ ಬೀದಿಯ ಯಾವ ಮಗುವೂ ಹಾಗೆ ಕೇಳಿರಲಿಲ್ಲ.