ಟಿವಿಗೆ ಬಾರದ ಗಿಳಿ ಅಂಚು

ಸಂಜೆ ಯಜಮಾನರು ಬರುವುದರೊಳಗೆ ಅಕ್ಕನ ಗಿಳಿ ಅಂಚು ಟಿವಿಯಲ್ಲಿ ಕಾಣಲೇಬೇಕಿತ್ತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಾರೆ, ಅಕ್ಕ ಲ್ಯಾಪ್‌ಟಾಪಿನಲ್ಲಿ ಸೀರೆಯ ಡಿಸೈನ್ ಬರೆಯುತ್ತಾಳೆ. ಯಾವುದು ಮಗ್ಗಕ್ಕೆ ಹೋಗಬೇಕೆಂದು ತೀರ್ಮಾನಿಸುವವರು ರೇಷ್ಮೆ ಕೊಡುವ ಯಜಮಾನರು. ಅವರಿಗೆ ಕಣ್ಣು ಮಂಜು. ಹೋದ ಸಲ ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಏನೂ ಕಾಣದೆ, "ಹಳೇ ಮಾವಿನಕಾಯಿ ಅಂಚೇ ಇರ್ಲಿ ಬಿಡಮ್ಮ" ಎಂದು ಎದ್ದುಹೋಗಿದ್ದರು. ಈಗ ಮತ್ತೊಂದು ಹಾಸು, ಎಂದರೆ ಸೀರೆಯ ಉದ್ದೆಳೆಗಳ ಸುರುಳಿ, ಮಗ್ಗಕ್ಕೇರಲು ಸಿದ್ಧವಾಗಿತ್ತು.

ಅಕ್ಕನ ಲ್ಯಾಪ್‌ಟಾಪಿಗೆ ಟಿವಿಯ ಕೇಬಲ್ ಚುಚ್ಚುವ ಜಾಗವೇ ಇಲ್ಲ. ಅದಕ್ಕೆಂದೇ ಚಳ್ಳಕೆರೆಯಿಂದ ಡಾಕ್ ತಂದಿದ್ದೆವು. ಅಂಗೈಯಗಲದ ಡಬ್ಬಿ, ಅದರ ಗಿಡ್ಡ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಟಿವಿ, ಮೌಸು, ಚಾರ್ಜರು ಎಲ್ಲವೂ ಡಬ್ಬಿಗೇ. ಬೆಳಿಗ್ಗೆ ಅಂಗಡಿಯಲ್ಲಿ ಇದೇ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದಾಗ ಅಲ್ಲಿನ ಟಿವಿಯಲ್ಲಿ ಚಿತ್ರ ಬಂದಿತ್ತು. ಮನೆಯಲ್ಲಿ ಟಿವಿ 'ಸಿಗ್ನಲ್ ಇಲ್ಲ' ಎಂದಿತು.

ಅಂಗಡಿಯವನಿಗೆ ಫೋನ್ ಮಾಡಿದೆ.

"ನಿಮ್ಮೂರಲ್ಲಿ ಕರೆಂಟ್ ಸರಿ ಇಲ್ಲ ಕಣ್ರೀ."

"ಕರೆಂಟ್ ಸರಿ ಇಲ್ದಿದ್ರೆ ಟಿವಿ ಹೆಂಗ್ರೀ ಆನ್ ಆಯ್ತು?"

"ಹಂಗಾರೆ ಲ್ಯಾಪ್‌ಟಾಪ್ ಬೋರ್ಡ್ ಹೋಗೈತೆ."

"ಬೆಳಿಗ್ಗೆ ನಿಮ್ ಅಂಗಡೀಲಿ ಸರಿ ಇದ್ದಿದ್ದು ಬಸ್ಸಲ್ಲಿ ಹೋಯ್ತಾ?"

ಅವನು ಫೋನಿಟ್ಟ. ಅಡುಗೆಮನೆಯಿಂದ ಅವ್ವ, "ಏಮೈಂದಿ ರಾ?" ಎಂದು ತೆಲುಗಿನಲ್ಲಿ ಕೇಳಿದಳು, ಏನಾಯ್ತೋ ಎಂದು. ಅಕ್ಕನೇ ಉತ್ತರಿಸಿದಳು: "ವಾದದಲ್ಲಿ ಗೆದ್ದ. ಟಿವಿ ಮಾತ್ರ ಇನ್ನೂ ಕಪ್ಪಗೇ ಐತೆ."

ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ನಾನು ಕಲಿತದ್ದಿಷ್ಟು: ಎದುರಾಳಿ ಹೇಳಿದ್ದನ್ನೆಲ್ಲ ಒಟ್ಟಿಗೆ ಅಲ್ಲಗಳೆಯಲು ಹೋದವನು ಸೋಲುತ್ತಾನೆ. ಒಂದೊಂದನ್ನೇ ಹಿಡಿಯಬೇಕು. ಅದೇ ಕೇಬಲಿನ ಒಂದು ತುದಿಯನ್ನು ಟಿವಿಯ ಅದೇ ಜಾಗದಲ್ಲಿ ಬಿಟ್ಟು, ಇನ್ನೊಂದನ್ನು ಸೆಟ್‌ಟಾಪ್ ಬಾಕ್ಸಿಗೆ ಹಾಕಿದೆ. ಧಾರಾವಾಹಿ ಬಂತು. ಕೇಬಲ್ಲು, ಟಿವಿ ಎರಡೂ ಸರಿಯಿದ್ದವು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿ ಲ್ಯಾಪ್‌ಟಾಪನ್ನು ಆಫ್ ಮಾಡಿ ಆನ್ ಮಾಡಿದೆ. ಕಪ್ಪು. ಸೆಟ್ಟಿಂಗ್ಸ್‌ನಲ್ಲಿ ಎರಡನೇ ಪರದೆಯ ಸುಳಿವೇ ಇಲ್ಲ.

"ಡಾಕೇ ಕೆಟ್ಟಿರ್ಬೇಕು" ಎಂದಳು ಅಕ್ಕ.

"ಮೌಸ್ ಓಡ್ತೈತೆ, ಚಾರ್ಜ್ ಆಗ್ತೈತೆ. ಡಾಕೂ ಸರಿ, ಚುಚ್ಚಿರೋ ಜಾಗಾನೂ ಸರಿ."

ಹೇಳಿದ ಮೇಲೆ ನನ್ನ ಮಾತೇ ನನಗೆ ಚುಚ್ಚಿತು. ಮೌಸ್ ಓಡಿದರೆ ಮೌಸ್ ಓಡಿತೆಂದಷ್ಟೇ ಸಾಬೀತು. ಚಿತ್ರವೂ ಅದೇ ದಾರಿಯಲ್ಲಿ ಬರುತ್ತದೆಂದು ಹೇಳಿದವರ್ಯಾರು? ಲ್ಯಾಪ್‌ಟಾಪನ್ನು ಎತ್ತಿ ಬೆಳಕಿಗೆ ಹಿಡಿದೆ. ಅಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಪೋರ್ಟು. ಒಂದರ ಪಕ್ಕದಲ್ಲಿ ಮಾತ್ರ ಪರದೆಯ ಸಣ್ಣ ಗುರುತು. ನಾವು ಚುಚ್ಚಿದ್ದು ಇನ್ನೊಂದಕ್ಕೆ. ಬದಲಿಸಿದೆ. ಟಿವಿ ಒಮ್ಮೆ ಮಿಣುಕಿತು. ಪರದೆಯಗಲಕ್ಕೆ ಗಿಳಿಗಳ ಸಾಲು ಬಂತು.

ಯಜಮಾನರು ಬಂದು, ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಬಹಳ ಹೊತ್ತು ನೋಡಿದರು.

"ಇಷ್ಟ್ ಹಸಿರು ಯಾರಮ್ಮ ಉಡ್ತಾರೆ?"

"ಬಣ್ಣ ಟಿವಿದು ಯಜಮಾನ್ರೇ. ಗೆರೆ ನೋಡ್ರಿ, ಗೆರೆ ನಂದು."

ನಾನು ವಾದಕ್ಕೆ ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಗದರಿದಳು. ಯಜಮಾನರು ಪರದೆಯ ಮೇಲೆ ಬೆರಳಿಟ್ಟು ಗಿಳಿಯ ಬೆನ್ನಿನುದ್ದಕ್ಕೂ ಎಳೆದರು.

"ಕೊಕ್ಕು ಕಾಗೇದಿದ್ದಂಗೈತಲ್ಲ. ತುಸು ಬಗ್ಗಿಸು. ಆಮೇಲೆ ಮಗ್ಗಕ್ಕೆ ತೂತಿನ ಕಾರ್ಡ್ ಹೊಡೆಸು, ಈ ಸಲದ ಹಾಸಲ್ಲಿ ಇದನ್ನೇ ಹಾಕೋಣ."

ಅವರು ಎದ್ದುಹೋಗುವ ಮೊದಲೇ ಅಕ್ಕ ಮೌಸ್ ಹಿಡಿದು ಕೊಕ್ಕು ತಿದ್ದತೊಡಗಿದ್ದಳು.