ಹುಳದ ಹಾಗೆ ಕೂತ ಮೂರನೇ ಕ್ಲಾಸು

ಇವತ್ತು ಮೊಮ್ಮಗಳ ಶಾಲೆಯಲ್ಲಿ ಮಕ್ಕಳ ಜೊತೆ ಮನೆಯವರನ್ನೂ ಧ್ಯಾನಕ್ಕೆ ಕೂರಿಸಿದರು. ಕಣ್ಣು ಮುಚ್ಚಿದ್ದೇ ತಡ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದ ಹಾಗಾಯಿತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಮುಳಬಾಗಿಲಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ದಿನಾ, "ಅಲುಗಾಡದೆ ಕೂತ್ಕೊಳ್ರೋ, ಮನಸ್ಸು ತಿಳಿಯಾಗುತ್ತೆ" ಎನ್ನುತ್ತಿದ್ದರು. ನಾವು ಒಬ್ಬರನ್ನೊಬ್ಬರು ಚಿವುಟಿ ಕಿಸಕ್ಕೆಂದು ನಗುತ್ತಿದ್ದೆವು. ಸಾಕಾಗಿ ಹೋದ ಅವರು ಒಂದು ದಿನ ಎಲ್ಲರನ್ನೂ ನಮ್ಮಜ್ಜಿಯ ರೇಷ್ಮೆಹುಳದ ಮನೆಗೆ ಕರೆತಂದರು.

ತಟ್ಟೆಗಳ ತುಂಬ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಕಲ್ಲಿನಂತೆ ಕೂತಿದ್ದವು.

"ಜ್ವರಕ್ಕೆ ಕುಂತವೆ ಕಣ್ರಪ್ಪಾ. ಹಳೇ ಚರ್ಮ ಬಿಟ್ಟು ಹೊಸದು ಹಾಕ್ಕೊಂತವೆ. ಸದ್ದು ಮಾಡ್ಬೇಡಿ" ಎಂದು ಅಜ್ಜಿ ಪಿಸುಗುಟ್ಟಿದಳು.

"ಆಮೇಲೆ?" ಎಂದೆ.

"ಎದ್ದ ಮೇಲೆ ತಡೆಯಕ್ಕಾಗದ ಹಸಿವು!"

ಮಾರನೆಯ ದಿನ ಮೇಷ್ಟ್ರು "ಹುಳದ ತರ" ಎಂದರು, ಅಷ್ಟೇ. ಇಡೀ ಕ್ಲಾಸು ಗದ್ದ ಎತ್ತಿ ಕಲ್ಲಾಯಿತು. ಸೂರಿನ ಗುಬ್ಬಿ ರೆಕ್ಕೆ ಕೊಡವಿದ್ದೂ ಕೇಳಿಸಿತು. ಕಣ್ಣು ಬಿಟ್ಟರೆ ಬಾಗಿಲಲ್ಲಿ ಅಜ್ಜಿ, ಮಡಿಲ ತುಂಬ ಬೇಯಿಸಿದ ಕಡಲೇಕಾಯಿ. "ಜ್ವರ ಬಿಡ್ತಾ? ತಿನ್ನಿ." ಮೇಷ್ಟ್ರೇ ಮೊದಲು ಕೈ ಚಾಚಿದರು.

"ನಿಧಾನವಾಗಿ ಕಣ್ಣು ಬಿಡಿ" ಎಂದರು ಇವತ್ತಿನ ಮಿಸ್ಸು. ಬಿಟ್ಟೆ. ನನ್ನ ಗದ್ದ ಮೇಲೆದ್ದಿತ್ತು, ಕೈ ಆಗಲೇ ಮುಂದೆ ಚಾಚಿತ್ತು.

"ಏನು ಬೇಕು ತಾತ?" ಎಂದಳು ಮೊಮ್ಮಗಳು.

"ಕಡಲೇಕಾಯಿ ಕಣೇ."