ಅತ್ತಿ ಮೊಣಕಾಲು, ಮೆಣಸಿನಗಿಡದ ಗಂಧಕ

ನಮ್ಮತ್ತಿಗೆ, ಅಂದ್ರ ನನ್ನ ಗಂಡನ ಅವ್ವಗ, ಮೊಣಕಾಲು ಹಿಡಕೊಂಡಾಗ ಮನ್ಯಾಗ ಮೊದಲು ಕೆಟ್ಟಿದ್ದು ರೊಟ್ಟಿ. ಒಲಿ ಮುಂದ ಕಾಲು ಮಡಚಿ ಕುಂದ್ರಾಕ ಆಕಿಗೆ ಆಗವಲ್ದು, ನಾನು ಬಡಿದ ರೊಟ್ಟಿ ಹಂಚಿಗೆ ಬೀಳೋ ಮೊದಲ ಹರೀತಿದ್ದವು. ಮೊದಲಾಗಿದ್ರ ಆಕಿ ನನ್ನ ಜಾಲಾಡಿಸಿ ಬಿಡ್ತಿದ್ದಳು. ಈಗ ಬಾಗಲದಾಗ ಸುಮ್ಮನ ಕುಂತು ನೋಡ್ತಿದ್ದಳು. ಸುಳ್ಳ್ಯಾಕ ಹೇಳಲಿ, ಬೈಯೋ ಅತ್ತಿಗಿಂತ ಸುಮ್ಮನ ಕುಂತ ಅತ್ತಿನ ನೋಡಿ ನನಗ ಜಾಸ್ತಿ ಹೆದರಿಕಿ ಆಗ್ತಿತ್ತು.

ಇದು ಮೊಬೈಲು ಊರಿಗೆ ಇನ್ನೂ ಹೊಸದಾಗಿದ್ದ ಕಾಲದ ಮಾತು. ಅತ್ತಿನ ಕೊಟ್ಟೂರಿನ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟ್ರು ಕಾಲು ಹಿಡದು ನೋಡಿ ಅಂದ್ರು, "ನೋವಿನ ಗುಳಿಗಿ ದಿನಾ ನುಂಗಿ ಹೊಟ್ಟಿ ಕೆಡಿಸ್ಕೋಬ್ಯಾಡ್ರಿ. ಇದು ಗಂಧಕದ ಅಂಶ ಇರೋ ಗುಳಿಗಿ. ಕೆಲವ್ರಿಗೆ ನೋವು ಒಂದಿಷ್ಟು ಇಳೀತೈತಿ, ಕೆಲವ್ರಿಗೆ ಇಲ್ಲ. ಊಟ ಆದ ಮ್ಯಾಲೆ ತಗೋರಿ, ತ್ರಾಸಾದ್ರ ಬಿಡ್ರಿ. ಕಾಲಿನ ಕಸರತ್ತು ಮಾತ್ರ ಬಿಡಬ್ಯಾಡ್ರಿ."

ಅತ್ತಿ ಕಿವಿಗೆ ಬಿದ್ದದ್ದು ಗಂಧಕ ಒಂದೇ. ನಮ್ಮ ಕಡೆ ಗಂಧಕ ಯಾರಿಗೆ ಗೊತ್ತಿಲ್ರಿ? ಮೆಣಸಿನಗಿಡಕ್ಕ ಬೂದಿರೋಗ ಬಂದ್ರ ಅದರ ಹಳದಿ ಪುಡಿ ಉದುರಸ್ತೀವಿ, ಎತ್ತಿಗೆ ಕಜ್ಜಿ ಆದ್ರ ಎಣ್ಣ್ಯಾಗ ಕಲಸಿ ಹಚ್ತೀವಿ. ದನದ ಕೊಟ್ಟಿಗಿ ಮೂಲ್ಯಾಗ ಅರ್ಧ ಚೀಲ ಬಿದ್ದಿತ್ತು.

ಒಂದು ಮುಂಜಾನಿ ನೀರು ಹೊತಗೊಂಡು ಒಳಗ ಬಂದ್ರ, ಅತ್ತಿ ಮಜ್ಜಿಗಿ ಲೋಟದಾಗ ಹಳದಿ ಪುಡಿ ಕಲಸಾಕ ಹತ್ಯಾಳ. ಲೋಟ ಕಸಗೊಂಡು ಅಂಗಳಕ್ಕ ಚೆಲ್ಲಿದೆ.

"ಗುಳಿಗಿ ಬಾಳ ನಿಧಾನ ಐತಿ. ಇದು ಅಸಲು ಗಂಧಕ, ಲಗೂನ ಹತ್ತತೈತಿ. ಎತ್ತಿಗೆ ಹಚ್ಚಿದ್ರ ಏನಾಗೈತಿ?" ಅಂದಳು.

"ಎತ್ತಿಗೆ ಹಚ್ತೀವಿ, ಕುಡಸ್ತೀವೇನು? ತಲಿ ಕೆಟ್ಟೈತೇನು ನಿನಗ?" ಅತ್ತಿಗೆ ನಾನು ಅಷ್ಟು ಜೋರು ಮಾಡಿದ್ದು ಅವತ್ತೇ ಮೊದಲು.

ಆಕಿ ತಿರುಗಿ ಬೈಲಿಲ್ಲ. "ದಿನಾ ಕೈ ಸುಟಗೊಂತಿ. ಒಲಿ ಮುಂದ ಕುಂದ್ರಾಕ ಬಂದ್ರ ಕಲಿಸಿಕೊಡ್ತಿದ್ನೆವ್ವ" ಅಂದಳು.

ಅವತ್ತೇ ಮತ್ತ ಬಸ್ ಹತ್ತಿಸಿದೆ. ಡಾಕ್ಟ್ರು ಸಮಾಧಾನದಿಂದ ಹೇಳಿದ್ರು, "ಹೊಲದ ಪುಡ್ಯಾಗ ಏನೇನು ಬೆರಸಿರ್ತಾರೋ, ಅದು ಗಿಡಕ್ಕ ಮಾಡಿದ್ದು. ಗುಳಿಗಿ ಬೇರೆ ವಸ್ತು, ಮನಿಷಾ ನುಂಗಾಕ ಮಾಡಿದ್ದು. ಅದೂ ನಾನು ಹೇಳಿದಷ್ಟೇ. ಉಳ್ಳಾಗಡ್ಡಿ, ಬಳ್ಳೊಳ್ಳ್ಯಾಗೂ ಗಂಧಕ ಐತ್ರಿ, ಬೇಕಾದ್ರ ಅದನ್ನ ತಿನ್ರಿ."

"ಹುಟ್ಟಿದಾಗಿಂದ ಅದನ್ನೇ ತಿನ್ನಾಕ ಹತ್ತೀನಿ" ಅಂತ ಅತ್ತಿ ಗೊಣಗಿದಳು. ಆದ್ರ ಚೀಲದ ಸುದ್ದಿಗೆ ಮತ್ತ ಹೋಗಲಿಲ್ಲ. ಉಂಡು ಗುಳಿಗಿ ನುಂಗೋಳು, ಮಂಚದ ಮ್ಯಾಲೆ ಕುಂತು ಕಾಲು ಚಾಚಿ ಮಡಚಿ ಮಾಡೋಳು. ಹೊಟ್ಟಿಗೇನೂ ತ್ರಾಸ ಆಗಲಿಲ್ಲ. ಬರಬರ್ತಾ ನೋವು ಇಳೀತು. ಗುಳಿಗಿಯಿಂದ ಆತೋ ಕಸರತ್ತಿನಿಂದ ಆತೋ, ಡಾಕ್ಟ್ರೂ ಆಣಿ ಮಾಡಿ ಹೇಳಲಿಲ್ಲ, ನಾನೂ ಹೇಳಂಗಿಲ್ಲ.

ಶೇಂಗಾ ಕೀಳೋ ಹೊತ್ತಿಗೆ ಒಂದಿನ ಹಿತ್ತಲದಾಗ ಬಟ್ಟಿ ಒಗಿಯಾಕ ಹತ್ತಿದ್ದೆ. ಒಳಗಿಂದ ಪಟಪಟ ರೊಟ್ಟಿ ಬಡಿಯೋ ಸಪ್ಪಳ ಬಂತು. ಓಡಿ ಹೋದ್ರ ಅತ್ತಿ ಒಲಿ ಮುಂದ ಗಿಡ್ಡ ಕಟಗಿ ಮಣಿ ಮ್ಯಾಲೆ ಕುಂತಾಳ, ಒಂದು ಕಾಲು ಮಡಚಿ, ಇನ್ನೊಂದು ಚಾಚಿ. ನನಗ ಅಳು ತಡೀಲಿಲ್ಲ.

"ಅಳೋದು ಆಮ್ಯಾಲೆ. ಕೈ ತೊಳಕೊಂಡು ಬಾ" ಅಂದು ಸರದು ಜಾಗ ಕೊಟ್ಟಳು.

ಅವತ್ತೂ ನನ್ನ ಮೊದಲನೇ ರೊಟ್ಟಿ ಹರೀತು. ಅತ್ತಿ ಬೈದಳು, ಬಾಯಿ ತುಂಬ ಬೈದಳು.